ಪಂಪಿಗೆ ಎಷ್ಟು ಮುಚ್ಚಳ? ಟೆಕ್ನಿಕಲ್ ರೈಟಿಂಗ್ ಕಲಿಯಲು ಹೊರಟವರಿಗೆ ಒಂದಿಷ್ಟು ಮಾತು

ಹೋದ ತಿಂಗಳು ಒಂದು ರಾತ್ರಿ ಊರಿಂದ ಫೋನ್ ಬಂತು. ನಮ್ಮ ದೊಡ್ಡಪ್ಪನ ಮೊಮ್ಮಗಳು. ಹಾವೇರಿಯಲ್ಲಿ ಬಿ.ಎ. ಮುಗಿಸಿದ್ದಾಳೆ, ಐಚ್ಛಿಕ ಇಂಗ್ಲಿಷ್ ಮತ್ತು ಪತ್ರಿಕೋದ್ಯಮ.

"ಕಾಕಾ, ಬೆಂಗಳೂರಾಗ ಟೆಕ್ನಿಕಲ್ ರೈಟಿಂಗ್ ಕೋರ್ಸ್ ಅಂತ ಐತಿ. ಮೂರು ತಿಂಗಳು, ಅರವತ್ತು ಸಾವಿರ ಫೀಸು. ಮುಗಿದ ಮ್ಯಾಲೆ ನೌಕರಿ ಗ್ಯಾರಂಟಿ ಅಂತಾರ. ಗೋವಿನಜೋಳದ ರೊಕ್ಕದಾಗ ಕಟ್ಟೋಣು ಅಂದಾನ ಅಪ್ಪ. ನೀವು ಅದೇ ಕೆಲಸ ಮಾಡ್ತೀರಲ್ಲ, ಕಟ್ಟಲೋ ಬ್ಯಾಡೋ ಹೇಳ್ರಿ."

ಹದಿನೈದು ವರ್ಷದಿಂದ ಇದೇ ಕೆಲಸದ ಅನ್ನ ತಿನ್ನುತ್ತಿದ್ದೇನೆ. ಆದರೂ ಥಟ್ಟನೆ ಉತ್ತರ ಬರಲಿಲ್ಲ. ಅರವತ್ತು ಸಾವಿರ ಅಂದರೆ ಅಣ್ಣನ ಮನೆಗೆ ಒಂದು ಹಂಗಾಮಿನ ಉಳಿತಾಯ. ಅಷ್ಟೂ ಉಳಿಯದ ವರ್ಷಗಳೇ ಹೆಚ್ಚು. ಇನ್ನೊಂದು ಕಡೆ, ನಾನು ಕೆಲಸಕ್ಕೆ ಸೇರಿದಾಗ ಇದ್ದ ಬೆಂಗಳೂರು ಈಗಿಲ್ಲ, ಎಐ ಬಂದಿದೆ. "ಭಾನುವಾರದೊಳಗೆ ಹೇಳ್ತೀನವಾ, ಅಲ್ಲೀವರೆಗೆ ಒಂದು ರೂಪಾಯಿ ಕಟ್ಟಬ್ಯಾಡ" ಅಂದೆ. ಆ ವಾರ ಯೋಚಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವಳಂಥ ಹುಡುಗ ಹುಡುಗಿಯರು ಹಾವೇರಿಯಲ್ಲಷ್ಟೇ ಇಲ್ಲ.

ಇದು ಎಂಥ ಬರವಣಿಗೆ?

ಕಥೆ, ಲೇಖನ, ವರದಿ ಬರೆಯುವವರ ಓದುಗ ಕೂತು ಓದುತ್ತಾನೆ. ನಮ್ಮ ಓದುಗ ಓದೋಕೆ ಅಂತ ಬಂದವನೇ ಅಲ್ಲ. ಅವನ ಒಂದು ಕೈಯಲ್ಲಿ ಸ್ಕ್ರೂಡ್ರೈವರ್ ಇರುತ್ತೆ, ಅಥವಾ ಎದುರಿಗೆ ಕೆಂಪು ಅಕ್ಷರದಲ್ಲಿ ಎರರ್ ತೋರಿಸುವ ಪರದೆ ಇರುತ್ತೆ. ಅವನಿಗೆ ಬೇಕಿರುವುದು ಮುಂದೇನು ಮಾಡಬೇಕು ಅನ್ನೋದಷ್ಟೇ. ಅದು ಸಿಕ್ಕ ಕೂಡಲೇ ನಮ್ಮ ಪುಟ ಮುಚ್ಚಿ ಹೋಗುತ್ತಾನೆ. ಬರೆದವರು ಯಾರು ಅಂತ ಕೇಳುವುದಿಲ್ಲ. ಹಾಗೆ ಕೇಳದೆ ಹೋದರೆ ಕೆಲಸ ಚೆನ್ನಾಗಿ ಆಗಿದೆ ಅಂತಲೇ ಅರ್ಥ.

ಮಿಕ್ಸಿಯ ಜೊತೆ ಬರುವ ಪುಸ್ತಿಕೆ, ಫೋನಿನ ಆ್ಯಪ್‌ನಲ್ಲಿರುವ 'ಹೆಲ್ಪ್', ವಿಮಾನದ ಚಕ್ರ ಬಿಚ್ಚಿ ಹಾಕುವ ವಿಧಾನ, ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ಬಗೆಯನ್ನು ಪ್ರೋಗ್ರಾಮರ್‌ಗಳಿಗೆ ತಿಳಿಸುವ ಎಪಿಐ ದಾಖಲೆ, ಔಷಧ ಪ್ರಯೋಗದ ವರದಿ ಎಲ್ಲವೂ ಈ ಜಾತಿಯ ಬರಹವೇ. ಕೆಲಸದ ಹೆಸರುಗಳು ಬೇರೆಬೇರೆ: ಟೆಕ್ನಿಕಲ್ ರೈಟರ್, ಇನ್‌ಫರ್ಮೇಶನ್ ಡೆವಲಪರ್, ಡಾಕ್ಯುಮೆಂಟೇಶನ್ ಇಂಜಿನಿಯರ್, ಯುಎಕ್ಸ್ ರೈಟರ್, ಮೆಡಿಕಲ್ ರೈಟರ್. ಕೆಲಸ ಹುಡುಕುವಾಗ ಒಂದೇ ಹೆಸರಲ್ಲಿ ಹುಡುಕಿದರೆ ಅರ್ಧ ಕೈತಪ್ಪುತ್ತೆ.

ಇದು ಕಂಪ್ಯೂಟರ್ ಜೊತೆ ಅಮೆರಿಕದಿಂದ ಬಂದ ವಿದ್ಯೆ ಅಂತ ನಾನೂ ಅಂದುಕೊಂಡಿದ್ದೆ. 1949ರಲ್ಲಿ ಜೋಸೆಫ್ ಚಾಪ್ಲೈನ್ ಎಂಬಾತ ಬೈನ್ಯಾಕ್ ಎಂಬ ಕಂಪ್ಯೂಟರಿಗೆ ಬಳಕೆದಾರರ ಕೈಪಿಡಿ ಬರೆದ. ಕಂಪ್ಯೂಟರಿಗೆ ಬಂದ ಮೊದಲ ಕೈಪಿಡಿ ಅಂತ ಅದನ್ನು ಹೇಳುತ್ತಾರೆ. ಇಂಗ್ಲಿಷಿನವರು ಇನ್ನೂ ಹಿಂದೆ ಹೋಗಿ, 1391ರ ಸುಮಾರಿಗೆ ಕವಿ ಚಾಸರ್ ತನ್ನ ಮಗನಿಗೆಂದು ಆಸ್ಟ್ರೊಲೇಬ್ ಎಂಬ ಖಗೋಳ ಉಪಕರಣದ ಬಗ್ಗೆ ಬರೆದದ್ದನ್ನು ತೋರಿಸುತ್ತಾರೆ. ಆದರೆ ನಮ್ಮಲ್ಲಿ ಅದಕ್ಕೂ ಮುನ್ನೂರು ವರ್ಷಕ್ಕಿಂತ ಹಿಂದೆ, ಹನ್ನೊಂದನೇ ಶತಮಾನದಲ್ಲೇ, ಎರಡನೇ ಚಾವುಂಡರಾಯ 'ಲೋಕೋಪಕಾರ' ಬರೆದಿದ್ದಾನೆ. ಅಂತರ್ಜಲ ಗುರುತಿಸುವುದು, ಗಿಡಮರಗಳ ಆರೈಕೆ, ಅಡುಗೆ, ಔಷಧಿ ಎಲ್ಲ ಕನ್ನಡದಲ್ಲಿ. ಹದಿನಾರನೇ ಶತಮಾನದ ಮಂಗರಸನ 'ಸೂಪಶಾಸ್ತ್ರ' ಪೂರ್ತಿ ಅಡುಗೆಯದ್ದೇ. ಹಾಗಾಗಿ ಮಾಡುವವನ ಕೈಗೆ ಎಟಕುವಂತೆ ಬರೆಯುವುದು ಕನ್ನಡಕ್ಕೆ ಹೊಸದೇನಲ್ಲ. ನಡುವೆ ಎಲ್ಲೋ ಕೈಬಿಟ್ಟಿದ್ದೇವೆ ಅಷ್ಟೆ.

ಬರಹ ಕೆಟ್ಟರೆ ಏನಾಗುತ್ತೆ?

ಊರಲ್ಲಿ ಕೀಟನಾಶಕಕ್ಕೆ ನಾವು 'ಎಣ್ಣಿ' ಅಂತೀವಿ. ಎಣ್ಣಿ ಡಬ್ಬಿಯ ಮೇಲೊಂದು ವಜ್ರಾಕಾರದ ಗುರುತು, ಅದರ ಕೆಳಭಾಗದಲ್ಲಿ ಒಂದು ಬಣ್ಣ. ಕೆಂಪು ಅಂದರೆ ಅತ್ಯಂತ ವಿಷಕಾರಿ. ಆಮೇಲೆ ಹಳದಿ, ನೀಲಿ, ಹಸಿರು ಅಂತ ವಿಷ ಕಡಿಮೆಯಾಗುತ್ತಾ ಹೋಗುತ್ತದೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಇದು ಕಡ್ಡಾಯ. ಆದರೆ ನಮ್ಮೂರಲ್ಲಿ ನಾನು ಕೇಳಿದ ಎಷ್ಟೋ ಜನಕ್ಕೆ ಹಸಿರು ಅಂದರೆ 'ಬೆಳೆಗೆ ಒಳ್ಳೇದು' ಅನ್ನೋ ಭಾವನೆ ಇತ್ತು.

ಡಬ್ಬಿ ಜೊತೆ ಬರುವ ಮಡಚಿದ ಚೀಟಿ ಬಿಡಿಸಿ ನೋಡಿ. ಇರುವೆ ಸಾಲಿನಂಥ ಅಕ್ಷರ. ಪ್ರಮಾಣವನ್ನು ಹೆಕ್ಟೇರಿಗೆ ಇಷ್ಟು ಮಿಲಿಲೀಟರ್, ಹೆಕ್ಟೇರಿಗೆ ಇಷ್ಟು ಲೀಟರ್ ನೀರು ಅಂತ ಕೊಟ್ಟಿರುತ್ತಾರೆ. ನಮ್ಮ ಅಣ್ಣನ ಲೆಕ್ಕ ಎಕರೆ, ಗುಂಟೆಯದ್ದು. ಅವನ ಬೆನ್ನ ಮೇಲಿರುವುದು 16 ಲೀಟರಿನ ಪಂಪು. ಅವನ ಅಳತೆಯ ಪಾತ್ರೆ ಡಬ್ಬಿಯ ಮುಚ್ಚಳ. ಅವನು ಅಂಗಡಿಯವನನ್ನು ಕೇಳುವುದು ಒಂದೇ ಪ್ರಶ್ನೆ: "ಪಂಪಿಗೆ ಎಷ್ಟು ಮುಚ್ಚಳ ಹಾಕಬೇಕು?"

ಈ ಪ್ರಶ್ನೆಗೆ ಚೀಟಿಯಲ್ಲಿ ಉತ್ತರ ಇಲ್ಲ ಅಂತಲ್ಲ, ಇದೆ. ಉದಾಹರಣೆಗೆ ಹೆಕ್ಟೇರಿಗೆ 500 ಲೀಟರ್ ನೀರಿನಲ್ಲಿ 500 ಮಿಲಿಲೀಟರ್ ಎಣ್ಣಿ ಅಂತ ಬರೆದಿದ್ದರೆ, ಲೀಟರಿಗೆ 1 ಮಿಲಿಲೀಟರ್, 16 ಲೀಟರಿನ ಪಂಪಿಗೆ 16 ಮಿಲಿಲೀಟರ್. ಭಾಗಾಕಾರ ಒಂದು, ಗುಣಾಕಾರ ಒಂದು. ಆದರೆ ಅದನ್ನು ಬಿಸಿಲಲ್ಲಿ, ಬದುವಿನ ಮೇಲೆ ನಿಂತು ಮಾಡಬೇಕಾದವನು ರೈತ. ಬರೆಯುವವನು ತನ್ನ ಮೇಜಿನ ಮೇಲೆ ಮಾಡಬಹುದಿದ್ದ ಲೆಕ್ಕವನ್ನು ಓದುವವನ ಹೆಗಲಿಗೆ ಹಾಕಿದ್ದಾನೆ. ಕೊನೆಗೆ ಅಂಗಡಿಯವನು "ಎರಡು ಹಾಕು, ಹುಳ ಜಾಸ್ತಿ ಇದ್ರ ಮೂರು ಹಾಕು" ಅಂತಾನೆ. ಚೀಟಿ ಅಲ್ಲೇ ಬದುವಿನ ಮೇಲೆ ಬೀಳುತ್ತದೆ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಕೀಟನಾಶಕ ಸಿಂಪಡಿಸುವಾಗ ವಿಷ ತಗುಲಿ 20ಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಅದಕ್ಕೆ ಕಾರಣ ಹಲವಿದ್ದವು, ಬರೀ ಚೀಟಿಯೊಂದೇ ಅಲ್ಲ. ಮಾರುವವರ ಲಾಭ, ರಕ್ಷಣಾ ಉಡುಪಿಲ್ಲದ ಬಡತನ, ಮೇಲ್ವಿಚಾರಣೆಯ ಸೋಲು ಎಲ್ಲ ಸೇರಿತ್ತು. ಆದರೆ ಜೀವ ಉಳಿಸಬಹುದಾದ ಮಾಹಿತಿಯನ್ನು, ಅದು ಬೇಕಿರುವವನ ಕೈಗೆ ಅವನ ಅಳತೆಯಲ್ಲಿ ಕೊಡುವುದೂ ಒಂದು ಕೆಲಸ, ಅದನ್ನೂ ಓದಿ ಕಲಿಯಬೇಕು ಅನ್ನೋದು ನಮ್ಮಲ್ಲಿ ಇನ್ನೂ ಯಾರ ತಲೆಗೂ ಹೊಕ್ಕಿಲ್ಲ.

ಹಾಗಾದರೆ ಓದಬೇಕಾದ್ದೇನು?

ಮೊದಲನೆಯದು, ಓದುಗನನ್ನು ಓದುವುದು. ಅವನಿಗೆ ಈಗಾಗಲೇ ಏನು ಗೊತ್ತು, ಯಾವ ಅಳತೆ ಬಳಸುತ್ತಾನೆ, ಎಲ್ಲಿ ನಿಂತು ಓದುತ್ತಾನೆ, ತಪ್ಪಾದರೆ ಏನು ಕಳೆದುಕೊಳ್ಳುತ್ತಾನೆ. ಮೇಲಿನ ಎಣ್ಣಿ ಚೀಟಿಯ ಪಾಠ ಇದೇ.

ಎರಡನೆಯದು, ವಿಂಗಡಣೆ. ಐಬಿಎಂ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಓಯಸಿಸ್ ಸಂಸ್ಥೆಯ ಮಾನದಂಡವಾದ 'ಡಿಟಾ' ಎಂಬ ಪದ್ಧತಿ ಮುಖ್ಯವಾಗಿ ಮೂರು ಬಗೆಯ ಬರಹ ಗುರುತಿಸುತ್ತದೆ: ಇದು ಏನು ಎಂದು ವಿವರಿಸುವುದು, ಇದನ್ನು ಹೇಗೆ ಮಾಡುವುದೆಂದು ಹೇಳುವುದು, ಬೇಕಾದಾಗ ಹುಡುಕಿ ನೋಡುವ ಕೋಷ್ಟಕ-ಪಟ್ಟಿಗಳು. ಡ್ಯಾನಿಯೆಲೆ ಪ್ರೊಚೀಡಾ ರೂಪಿಸಿದ 'ಡಯಾಟಾಕ್ಸಿಸ್' ಎಂಬ ಇನ್ನೊಂದು ಪದ್ಧತಿ ನಾಲ್ಕು ಅನ್ನುತ್ತದೆ. ಹೊಸಬರ ಕೈ ಹಿಡಿದು ಕಲಿಸುವ ಪಾಠವನ್ನು ಅದು ಬೇರೆಯಾಗಿ ಇಡುತ್ತದೆ. ಹೆಸರು ಯಾವುದಾದರೂ ಇರಲಿ, ವಿಷಯ ಸರಳ. ಪಂಪು ಕೆಟ್ಟು ನಿಂತವನಿಗೆ ಪಂಪಿನ ಚರಿತ್ರೆ ಹೇಳಬಾರದು.

ಮೂರನೆಯದು, ವಾಕ್ಯ. ವಿಮಾನ ಉದ್ಯಮದಲ್ಲಿ 'ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್' ಅಂತ ಒಂದು ಕಟ್ಟುಪಾಡು ಇದೆ. ಇಂಗ್ಲಿಷ್ ಮನೆಮಾತಲ್ಲದ ಮೆಕ್ಯಾನಿಕ್‌ಗಳೂ ತಪ್ಪಿಲ್ಲದೆ ಓದಲಿ ಅಂತ 1980ರ ದಶಕದಲ್ಲಿ ಯುರೋಪಿನಲ್ಲಿ ಶುರುವಾದದ್ದು. ಅದರ ನಿಘಂಟಿನಲ್ಲಿ ಒಪ್ಪಿತ ಪದಗಳು ಸುಮಾರು 900. ಜೊತೆಗೆ ಆಯಾ ಉದ್ಯಮದ ತಾಂತ್ರಿಕ ಪದಗಳನ್ನು ಬಳಸಬಹುದು. ಸೂಚನೆಯ ವಾಕ್ಯ 20 ಪದ ಮೀರಬಾರದು, ವಿವರಣೆಯ ವಾಕ್ಯ 25 ಮೀರಬಾರದು. ಒಂದು ಪದಕ್ಕೆ ಒಂದೇ ಅರ್ಥ. 'ಫಾಲೋ' ಅಂದರೆ ಅಲ್ಲಿ 'ನಂತರ ಬರು' ಅಂತ ಮಾತ್ರ. ಸೂಚನೆ ಪಾಲಿಸಿ ಅನ್ನಲು 'ಒಬೇ' ಅಂತಲೇ ಬರೆಯಬೇಕು. ಇಂಗ್ಲಿಷ್ ಎಂ.ಎ. ಮಾಡಿದವರಿಗೆ ಇದು ಉಸಿರು ಕಟ್ಟಿದ ಹಾಗೆ ಅನಿಸುತ್ತೆ. ಕನ್ನಡ ಮಾಧ್ಯಮದಲ್ಲಿ ಓದಿ, ಚಿಕ್ಕ ವಾಕ್ಯದ ಇಂಗ್ಲಿಷ್ ಬರೆಯುವವರಿಗೆ ಇದು ವರ!

ಇದೇ ಶಿಸ್ತನ್ನು ಕನ್ನಡಕ್ಕೆ ತಂದು ನೋಡೋಣ. ನಮ್ಮ ಚೀಟಿಗಳ ಧಾಟಿಯಲ್ಲಿ ನಾನೇ ಕಟ್ಟಿದ ಒಂದು ವಾಕ್ಯ: "ದ್ರಾವಣವನ್ನು ಚೆನ್ನಾಗಿ ಕಲಕಿ, ಸೋಸಿ, ಸಿಂಪಡಣಾ ಯಂತ್ರಕ್ಕೆ ತುಂಬಿಸುವ ಪೂರ್ವದಲ್ಲಿ ಸೂಕ್ತ ರಕ್ಷಣಾ ಸಾಧನಗಳನ್ನು ಧರಿಸಿರತಕ್ಕದ್ದು." ವ್ಯಾಕರಣ ಸರಿ ಇದೆ. ಆದರೆ ಕೈಗವಸಿನ ಮಾತು ಬರುವ ಹೊತ್ತಿಗೆ ಓದುವವನು ಬರಿಗೈಯಲ್ಲಿ ಡಬ್ಬಿ ತೆರೆದು, ಕಲಕಿ, ಸೋಸಿ ಆಗಿರುತ್ತೆ. ಅದನ್ನೇ ಹೀಗೆ ಬರೆಯಬಹುದು: "1. ಡಬ್ಬಿ ತೆರೆಯುವ ಮೊದಲು ಕೈಗವಸು, ಮಾಸ್ಕ್ ಹಾಕಿಕೊಳ್ಳಿ. 2. ಬಕೆಟ್ಟಿನ ನೀರಿಗೆ ಎಣ್ಣಿ ಹಾಕಿ. 3. ಕೋಲಿನಿಂದ ಕಲಕಿ. 4. ಸೋಸಿ ಪಂಪಿಗೆ ಸುರಿಯಿರಿ." ಯಾವುದು ಮೊದಲು ಆಗಬೇಕೋ ಅದು ಮೊದಲು ಬರಬೇಕು, ಒಂದು ಸಾಲಿಗೆ ಒಂದೇ ಕೆಲಸ ಇರಬೇಕು.

ಈ ಪಾಠ ನಾನು ಪುಸ್ತಕದಿಂದ ಕಲಿತಿದ್ದಲ್ಲ, ತಪ್ಪು ಮಾಡಿ ಕಲಿತೆ. ಮೊದಲ ಕೆಲಸದಲ್ಲಿ ಒಂದು ಸಾಫ್ಟ್‌ವೇರನ್ನು ಹೊಸ ಆವೃತ್ತಿಗೆ ಬದಲಿಸುವ ವಿಧಾನ ಬರೆದಿದ್ದೆ. ಆರನೇ ಹಂತ: ಹಳೆಯ ಫೋಲ್ಡರ್ ಅಳಿಸಿ. ಅದರ ಕೆಳಗೆ, ದಪ್ಪ ಅಕ್ಷರದಲ್ಲಿ: ಗಮನಿಸಿ, ಅಳಿಸುವ ಮುನ್ನ ಬ್ಯಾಕಪ್ ತೆಗೆದುಕೊಳ್ಳಿ. ಒಬ್ಬ ಗ್ರಾಹಕರ ಕಡೆಯವರು ಆರನೇ ಹಂತ ಮಾಡಿ ಮುಗಿಸಿದ ಮೇಲೆ 'ಗಮನಿಸಿ'ಯನ್ನು ಗಮನಿಸಿದರು. ಎರಡು ದಿನದ ದಾಖಲೆ ಹೋಯಿತು. ನನ್ನ ಮೇಲಿನವರು ಬೈಯಲಿಲ್ಲ. "ಓದೋರು ಕೆಳಗಿನ ಸಾಲು ಓದಿ ಆಮೇಲೆ ಮೇಲಿನ ಕೆಲಸ ಮಾಡಲ್ಲ ಕಣ್ರೀ" ಅಂದರು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಇವತ್ತಿಗೂ ಹೊಸ ಪುಟ ಕೈಗೆ ಬಂದರೆ ಮೊದಲು ಹುಡುಕುವುದು, ಎಚ್ಚರಿಕೆಯ ಮಾತು ಎಲ್ಲಿ ಕೂತಿದೆ ಅಂತ.

ನಾಲ್ಕನೆಯದು, ಕೇಳುವ ಕಲೆ. ವಿಷಯ ಇರುವುದು ಇಂಜಿನಿಯರ್ ತಲೆಯಲ್ಲಿ. ಅವರಿಗೆ ಪುರುಸೊತ್ತಿಲ್ಲ. "ಇದನ್ನ ವಿವರಿಸಿ" ಅಂದರೆ ಒಂದು ಗಂಟೆ ಬೇಕು ಅಂತಾರೆ. "ಈ ಬಟನ್ ಒತ್ತಿ ನೋಡಿದೆ, ಹೀಗಾಯ್ತು, ಹೀಗೇ ಆಗಬೇಕಾ?" ಅಂದರೆ ಐದು ನಿಮಿಷದಲ್ಲಿ ಉತ್ತರ ಬರುತ್ತೆ. ಪತ್ರಿಕೋದ್ಯಮ ಓದಿದವರಿಗೆ ಇದು ಸುಲಭ. ಸಂದರ್ಶನಕ್ಕೆ ಮುಂಚೆ ತಯಾರಿ ಮಾಡಬೇಕು ಅಂತ ಅವರಿಗೆ ಗೊತ್ತಿರುತ್ತೆ.

ಐದನೆಯದು, ಸಲಕರಣೆ. 2004ರಲ್ಲಿ ಬಂದ ಮಾರ್ಕ್‌ಡೌನ್ ಎಂಬ ಸರಳ ಬರಹದ ವಿಧಾನ, ಬದಲಾವಣೆಗಳ ಲೆಕ್ಕ ಇಡುವ ಗಿಟ್, ಸ್ವಲ್ಪ ಎಕ್ಸ್‌ಎಂಎಲ್, ಸ್ವಲ್ಪ ಎಚ್‌ಟಿಎಂಎಲ್. ಮಾರ್ಕ್‌ಡೌನ್ ಒಂದು ಮಧ್ಯಾಹ್ನದ ಕಲಿಕೆ. ಗಿಟ್‌ಗೆ ಒಂದೆರಡು ವಾರ ಸಾಕು. ಫ್ರೇಮ್‌ಮೇಕರ್, ಫ್ಲೇರ್ ಥರದ ದುಬಾರಿ ಸಾಫ್ಟ್‌ವೇರ್‌ಗಳನ್ನು ಕಂಪನಿಗೆ ಸೇರಿದ ಮೇಲೆ ಕಲಿತರಾಯಿತು. ಬಹಳಷ್ಟು ಕೋರ್ಸ್‌ಗಳು ಬರೀ ಈ ಐದನೆಯದನ್ನೇ ಕಲಿಸಿ, ಮೊದಲ ನಾಲ್ಕರ ದುಡ್ಡನ್ನೂ ತೆಗೆದುಕೊಳ್ಳುತ್ತವೆ.

ಆರನೆಯದು, ಪರೀಕ್ಷೆ. ಬರೆದದ್ದನ್ನು ಗೊತ್ತಿಲ್ಲದವರ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರುವುದು. ಇದು ಎಲ್ಲಕ್ಕಿಂತ ಕಷ್ಟ.

ಎಲ್ಲಿ ಓದಬೇಕು?

ಹೊರದೇಶದಲ್ಲಿ ಇದಕ್ಕೆಂದೇ ಪದವಿಗಳಿವೆ. ಅಮೆರಿಕದ ಕಾರ್ನೆಗಿ ಮೆಲನ್, ಐರ್ಲೆಂಡಿನ ಲಿಮೆರಿಕ್ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಓದು ಇದೆ. ನಾನು ಓದಿದ ಕಾಲೇಜಿನಲ್ಲಿ 'ಸಂವಹನ ಕೌಶಲ' ಅಂತ ಒಂದು ಪತ್ರಿಕೆ ಇತ್ತು. ರಜಾ ಅರ್ಜಿ ಬರೆಯುವುದನ್ನು ಕಲಿಸಿದರು.

ಆದರೆ ಈ ಕ್ಷೇತ್ರದಲ್ಲಿ ಬಾಗಿಲು ತೆರೆಯುವುದು ಪ್ರಮಾಣಪತ್ರವಲ್ಲ, ಬರೆದು ತೋರಿಸುವ ಮಾದರಿ. ಗೂಗಲ್ ತನ್ನ ಟೆಕ್ನಿಕಲ್ ರೈಟಿಂಗ್ ಪಾಠಗಳನ್ನು ಪುಕ್ಕಟೆಯಾಗಿ ಇಟ್ಟಿದೆ. 'ರೈಟ್ ದ ಡಾಕ್ಸ್' ಎಂಬ ಜಾಗತಿಕ ಬಳಗದ ಭಾಷಣಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಮುಕ್ತ ತಂತ್ರಾಂಶಗಳ ದಾಖಲೆಗಳಲ್ಲಿ ತಪ್ಪು ಹುಡುಕಿ ತಿದ್ದಿ ಕಳಿಸಬಹುದು. ಒಪ್ಪಿಕೊಂಡರೆ ಅದು ಎಲ್ಲರಿಗೂ ಕಾಣುವ ಸಾಕ್ಷಿ. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಕನ್ನಡದಲ್ಲಿ ಸಿಗುವುದರ ಹಿಂದೆ ಸ್ವಯಂಸೇವಕರ ಕೆಲಸ ಇದೆ. 2003ರಿಂದ ನಡೆಯುತ್ತಿರುವ ಕನ್ನಡ ವಿಕಿಪೀಡಿಯದಲ್ಲಿ ಬರೆದರೆ, ಗೊತ್ತಿಲ್ಲದವರು ನಮ್ಮ ಬರಹವನ್ನು ತಿದ್ದುವ ಅನುಭವವಾದರೂ ಆಗುತ್ತೆ. ಆ ಚರ್ಮ ಬೆಳೆಸಿಕೊಳ್ಳಲೇಬೇಕು.

ಹಾಗಂತ ದುಡ್ಡಿನ ಕೋರ್ಸ್‌ಗಳೆಲ್ಲ ಮೋಸ ಅನ್ನಲಾರೆ. ಒಬ್ಬ ಅನುಭವಸ್ಥರು ನಮ್ಮ ಪುಟವನ್ನು ಸಾಲುಸಾಲಾಗಿ ತಿದ್ದಿ ಕೊಡುವುದಕ್ಕೆ ಬೆಲೆ ಇದೆ. ಸೇರುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ನನ್ನ ಬರಹವನ್ನು ಯಾರು ತಿದ್ದುತ್ತಾರೆ, ಎಷ್ಟು ಸಲ? ಮುಗಿಯುವ ಹೊತ್ತಿಗೆ ತೋರಿಸಲು ನನ್ನ ಕೈಯಲ್ಲಿ ಎಷ್ಟು ಮಾದರಿ ಇರುತ್ತೆ? ಹಿಂದಿನ ತಂಡದ ಮೂವರ ಜೊತೆ ನಾನೇ ಮಾತಾಡಬಹುದಾ? ನೌಕರಿ ಗ್ಯಾರಂಟಿ ಅಂತ ಬರವಣಿಗೆಯಲ್ಲಿ ಕೊಡ್ತೀರಾ, ಸಿಗದಿದ್ದರೆ ದುಡ್ಡು ವಾಪಸ್ಸಾ?

ಎಐ ಬಂದಮೇಲೂ ಈ ಕೆಲಸ ಇರುತ್ತಾ?

ಸುಳ್ಳು ಹೇಳಲಾರೆ, ಕಷ್ಟ ಇದೆ. ಅಮೆರಿಕದಲ್ಲಿ 1953ರಿಂದ ಇದ್ದ, ಭಾರತದಲ್ಲೂ ಶಾಖೆ ಇದ್ದ ಈ ವೃತ್ತಿಯವರ ಹಳೆಯ ಸಂಘ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಶನ್ 2025ರ ಜನವರಿಯಲ್ಲಿ ದಿವಾಳಿ ಘೋಷಿಸಿ ಬಾಗಿಲು ಹಾಕಿತು. ನಾನು ಕಂಡ ತಂಡಗಳಲ್ಲಿ, ಮೊದಲು ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಬರಹದ ಕೆಲಸವನ್ನು ಈಗ ಎಐ ಮಾಡುತ್ತಿದೆ. ಅನುಭವ ಇದ್ದವರನ್ನು ಇಟ್ಟುಕೊಂಡು, ಹೊಸಬರನ್ನು ತೆಗೆದುಕೊಳ್ಳುವುದು ಕಡಿಮೆಯಾಗಿದೆ. ಮೊದಲ ಮೆಟ್ಟಿಲೇ ಮುರಿದರೆ ಮೇಲೆ ಹತ್ತುವುದು ಹೇಗೆ ಅನ್ನುವ ಪ್ರಶ್ನೆಗೆ ಉದ್ಯಮದವರ ಹತ್ತಿರ ಉತ್ತರ ಕೇಳಬೇಕು.

ಇನ್ನೊಂದು ಮುಖವೂ ಇದೆ. ಎಐ ಬರೆದ ಪುಟದಲ್ಲಿ ವ್ಯಾಕರಣ ತಪ್ಪಿರುವುದಿಲ್ಲ, ಆದರೆ ಇಲ್ಲದ ಬಟನ್ ಒತ್ತಿ ಅಂತ ಅಷ್ಟೇ ನಯವಾಗಿ ಬರೆದಿರುತ್ತೆ. ಒತ್ತಿ ನೋಡಿ "ಇಲ್ಲ" ಅನ್ನಲು ಒಬ್ಬರು ಬೇಕು. ಈಗ ಗ್ರಾಹಕರ ಪ್ರಶ್ನೆಗೆ ಉತ್ತರ ಕೊಡುವ ಚಾಟ್‌ಬಾಟ್‌ಗಳು ಉತ್ತರ ಹೆಕ್ಕುವುದು ನಾವು ಬರೆದ ದಾಖಲೆಯಿಂದಲೇ. ಅಲ್ಲಿ ತಪ್ಪಿದ್ದರೆ ತಪ್ಪು ಸಾವಿರ ಜನಕ್ಕೆ ಒಟ್ಟಿಗೆ ತಲುಪುತ್ತೆ. ಹಾಗಾಗಿ ಬರೀ ಇಂಗ್ಲಿಷ್ ಚೆನ್ನಾಗಿದೆ ಅನ್ನೋ ಬಂಡವಾಳದ ಕಾಲ ಮುಗಿಯಿತು. ಓದುಗನನ್ನು ಅರಿಯುವುದು, ಕೇಳುವುದು, ಪರೀಕ್ಷಿಸುವುದು ಗೊತ್ತಿದ್ದವರಿಗೆ ಕೆಲಸ ಇನ್ನೂ ಇದೆ.

ಕನ್ನಡದ ಮಾತೂ ಬಂತು. ಆ್ಯಪ್‌ಗಳು, ಅರ್ಜಿಗಳು, ಯಂತ್ರಗಳು ಕನ್ನಡಕ್ಕೆ ಬರುತ್ತಿವೆ, ಸಂತೋಷ. ಆದರೆ 'ಹೋಮ್' ಅಂದಲ್ಲಿ 'ಮನೆ' ಅಂತ ಬರೆದ ಆ್ಯಪನ್ನು ನಮ್ಮ ಅತ್ತಿಗೆ ತೆರೆದು "ಇದ್ಯಾರ ಮನೀಪಾ" ಅಂದಿದ್ದಳು. ಇಂಗ್ಲಿಷಲ್ಲಿ ಬರೆದು ಮುಗಿಸಿ, ಕೊನೇ ದಿನ ಅನುವಾದಕ್ಕೆ ದೂಡುವುದರ ಫಲ ಇದು. ಕನ್ನಡದ ಓದುಗನನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆಯುವ ಜನರಿಗೆ ಸಂಬಳ ಕೊಡಲು ಕಂಪನಿಗಳೂ ಸರ್ಕಾರವೂ ಮನಸ್ಸು ಮಾಡಬೇಕು. ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಹಳಗನ್ನಡದ ಜೊತೆಗೆ ಎಣ್ಣಿ ಚೀಟಿಯನ್ನೂ ಒಂದು ಪಠ್ಯ ಅಂತ ಎತ್ತಿಕೊಂಡರೆ ತಪ್ಪೇನು?

ಭಾನುವಾರದ ಫೋನು

ಭಾನುವಾರ ಅವಳಿಗೆ ಹೇಳಿದೆ: "ಈಗಲೇ ದುಡ್ಡು ಕಟ್ಟಬ್ಯಾಡ. ಒಂದು ಪುಟ ಬರಿ. ಎಣ್ಣಿ ಹೊಡದ ಮ್ಯಾಲೆ ಪಂಪು ತೊಳಿಯೋದು ಹ್ಯಾಂಗ ಅಂತ. ಬರದು ಅಪ್ಪನ ಕೈಯಾಗ ಕೊಡು. ಅವ ಓದಿ ಮಾಡೋವಾಗ ನೀ ಏನೂ ಹೇಳಬ್ಯಾಡ, ಬರೀ ನೋಡು."

ನಾಲ್ಕು ದಿನಕ್ಕೆ ಫೋನ್ ಬಂತು. ಎಂಟು ಹಂತ ಬರೆದಿದ್ದಳಂತೆ. ಅಪ್ಪ ಓದಿಕೊಂಡೇ ಮಾಡಿದನಂತೆ, ಐದನೇ ಹಂತದವರೆಗೂ ಸರಿ. "ಆರನೇದು 'ತೊಳೆದ ನೀರು ಚೆಲ್ಲಿ' ಅಂತ ಬರದಿದ್ದೆ ಕಾಕಾ. ಅಪ್ಪ ಪಂಪು ಎತ್ಕೊಂಡು ಸೀದಾ ಕಾಲುವಿ ಕಡೆ ಹೊಂಟ. ಬಾಯಿ ಬಿಡಬಾರದು ಅಂದಿದ್ರಲ್ಲ, ಆದ್ರೂ ಕೂಗಿಬಿಟ್ಟೆ."

"ಕೂಗಿದ್ದು ಒಳ್ಳೇದಾತು. ಈಗ ಏನು ಬರದಿ?"

"'ತೊಳೆದ ನೀರನ್ನು ಬಾವಿ, ಕೆರೆ, ಕಾಲುವೆಗೆ ಸುರಿಯಬೇಡಿ. ಎಣ್ಣಿ ಹೊಡೆದ ಹೊಲದಲ್ಲೇ ಸಿಂಪಡಿಸಿ' ಅಂತ. ಅದನ್ನ ಆರನೇದ್ರಾಗ ಅಲ್ಲ, ಮೊದಲೇ ಹಾಕೀನಿ."

ಅರವತ್ತು ಸಾವಿರ ಇನ್ನೂ ಅಣ್ಣನ ಖಾತೆಯಲ್ಲೇ ಇದೆ. ಅವಳೀಗ ಎರಡನೇ ಪುಟ ಬರೆಯುತ್ತಿದ್ದಾಳೆ: 16 ಲೀಟರಿನ ಪಂಪಿಗೆ ಎಷ್ಟು ಮುಚ್ಚಳ. ಅದಕ್ಕೆ ಮೊದಲು ಮನೆಯಲ್ಲಿರುವ ಡಬ್ಬಿಗಳ ಮುಚ್ಚಳ ಎಷ್ಟೆಷ್ಟು ಮಿಲಿಲೀಟರ್ ಹಿಡಿಯುತ್ತೆ ಅಂತ, ಕೈಗವಸು ಹಾಕಿಕೊಂಡು, ಬರೀ ನೀರು ತುಂಬಿ ಸಿರಿಂಜಿನಿಂದ ಅಳೆಯುತ್ತಿದ್ದಾಳಂತೆ. ಒಂದು ಮುಚ್ಚಳ ಇನ್ನೊಂದರ ಹಾಗಿಲ್ಲ ಅಂತ ಅವಳಿಗಾಗಲೇ ಗೊತ್ತಾಗಿದೆ.